ಕೈಲಾಸ ಯಾತ್ರೆ: ಕೂಡಿ ಹೊರಡುವ ಮುನ್ನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದುಂಟು. ಆದರೆ ಉದ್ಯೋಗವನ್ನರಸಿ ಮುಂಬಯಿ ಸೇರಿದ ಕನ್ನಡಿಗನ ಪಾಲಿಗೆ ದೇಶ ಸುತ್ತುವುದೆಂದರೆ ಬಹುಕಾಲ ಮೇ ತಿಂಗಳ ರಜೆಯಲ್ಲಿ ಹುಟ್ಟೂರಿಗೆ ಹೋಗಿ ಬರುವುದೇ ಆಗಿತ್ತು. ಬ್ಯಾಂಕು, ಹೋಟೆಲು, ಗಿರಣಿ, ಸರಕಾರಿ ಕಚೇರಿಗಳಲ್ಲಿ ದುಡಿದವರಿಗೆ ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ, ಮದುವೆ ಮುಂಜಿಗಳ ನಡುವೆ ಬೇರೆಡೆಗೆ ಹೊರಡುವ ಅನುಕೂಲವೆಲ್ಲಿ? ಅರುವತ್ತು ಕಳೆದು ನಿವೃತ್ತಿಯ ಹಣ ಕೈಗೆ ಬಂದ ಮೇಲೆಯೇ ಅವರಿಗೆ ಹೊರದೇಶವನ್ನು ಕಾಣುವ ಕಾಲ ಒದಗುತ್ತದೆ. ಭಾಷೆ ತಿಳಿಯದ ನಾಡಿಗೆ ಒಂಟಿಯಾಗಿ ಹೋಗುವುದಕ್ಕಿಂತ ಬಲ್ಲವರೊಡನೆ ಹೋಗುವುದು ಲೇಸೆಂದು ಗುಂಪು ಯಾತ್ರೆಯ ಯೋಚನೆ ಹುಟ್ಟುತ್ತದೆ.

ಮಾಟುಂಗದ ಕನ್ನಡಿಗರಿಗೆ ಕೂಡಿ ಕೆಲಸ ಮಾಡುವುದು ಹೊಸತಲ್ಲ. ಭಾವೂ ದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್ 1926ರಷ್ಟು ಹಿಂದೆಯೇ ಸ್ಥಾಪನೆಗೊಂಡಿತು. ನಾಡಹಬ್ಬ, ನಾಟಕ, ಸಂಗೀತ, ಭಜನೆ ಎಲ್ಲವನ್ನೂ ಕೂಡಿ ನಡೆಸಿ ಬಂದವರಿಗೆ ಪ್ರವಾಸವನ್ನೂ ಕೂಡಿಯೇ ಮಾಡೋಣವೆನಿಸುವುದು ಸಹಜ. ಸಿಂಗಪುರ, ದುಬೈ, ಯೂರೋಪುಗಳ ಹೆಸರು ಮೊದಲು ಕೇಳಿಬಂದರೂ, ಹಿರಿಯರಿರುವ ಗುಂಪಿನಲ್ಲಿ ಕೊನೆಗೆ ಬಂದು ನಿಲ್ಲುವ ಹೆಸರು ಹಲವೊಮ್ಮೆ ಕೈಲಾಸ-ಮಾನಸ ಸರೋವರದ್ದು. ಭಕ್ತಿಯ ದೃಷ್ಟಿಯಿಂದ ಅದು ಶಿವನ ನೆಲೆ. ರಹದಾರಿಯ ದೃಷ್ಟಿಯಿಂದ ಅದು ಚೀನಾದ ಆಡಳಿತದಲ್ಲಿರುವ ಟಿಬೆಟ್. ಪಾಸ್‌ಪೋರ್ಟು, ವೀಸಾ, ಗಡಿ ತಪಾಸಣೆಗಳಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ.

ಇಂತಹ ಯಾತ್ರೆಯ ಪೂರ್ವಭಾವಿ ಸಭೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವುದು ತಲಾ ಎಷ್ಟು ಖರ್ಚು, ಯಾವ ತಿಂಗಳು ಅನುಕೂಲ, ಅಡುಗೆಯವರು ಜೊತೆಗಿರುವರೇ, ಬೆಳ್ಳುಳ್ಳಿಯಿಲ್ಲದ ಊಟ ದೊರೆಯುವುದೇ ಎಂಬ ಪ್ರಶ್ನೆಗಳು. ಆರೋಗ್ಯದ ಮಾತು ಬರುವುದು ಎಲ್ಲಕ್ಕೂ ಕೊನೆಗೆ, ಮುಂಗಡ ಹಣ ಕಟ್ಟಿದ ಮೇಲೆ. ಈ ಕ್ರಮ ತಲೆಕೆಳಗಾಗಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಶಕ್ತಿಯನ್ನು ಅಳೆದು ಯಾತ್ರೆಯ ದಿನಗಳನ್ನು ಗೊತ್ತುಪಡಿಸಬೇಕು. ಅದು ಸಾಧ್ಯವಾಗದಿದ್ದರೆ ಆ ಗುಂಪು ಆ ಸ್ಥಳಕ್ಕೆ ಹೋಗಬಾರದು.

ಕೈಲಾಸದ ಹಾದಿ ಕಾಶಿ ರಾಮೇಶ್ವರಗಳ ಹಾದಿಯಂತಲ್ಲ. ಮಾಟುಂಗ ಸಮುದ್ರ ಮಟ್ಟದಲ್ಲಿರುವ ಊರು. ಮಾನಸ ಸರೋವರವಿರುವುದು ಸುಮಾರು 4,590 ಮೀಟರ್, ಅಂದರೆ 15,000 ಅಡಿ ಎತ್ತರದಲ್ಲಿ. ಪರಿಕ್ರಮದ ಎರಡನೆಯ ದಿನ ದಾಟಬೇಕಾದ ಡೋಲ್ಮಾ ಕಣಿವೆ 5,600 ಮೀಟರ್‌ಗೂ ಮೇಲಿದೆ. ಗಾಳಿಯಲ್ಲಿ ಪ್ರಾಣವಾಯುವಿನ ಪ್ರಮಾಣ ಎಲ್ಲೆಡೆ ನೂರಕ್ಕೆ 21 ಪಾಲೇ ಆದರೂ, ಮೇಲೇರಿದಂತೆ ಗಾಳಿಯ ಒತ್ತಡ ಕುಗ್ಗುವುದರಿಂದ ಪ್ರತಿ ಉಸಿರಿನಲ್ಲಿ ದೇಹಕ್ಕೆ ದೊರೆಯುವ ಪ್ರಾಣವಾಯು ಕಡಿಮೆಯಾಗುತ್ತದೆ. ಮಾನಸ ಸರೋವರದ ದಡದಲ್ಲಿ ದೊರೆಯುವುದು ಸಮುದ್ರ ಮಟ್ಟದ ಐದರಲ್ಲಿ ಮೂರು ಪಾಲಿಗಿಂತಲೂ ಸ್ವಲ್ಪ ಕಡಿಮೆ; ಡೋಲ್ಮಾ ಕಣಿವೆಯಲ್ಲಿ ಸರಿಸುಮಾರು ಅರ್ಧ. ಆ ಸ್ಥಿತಿಯಲ್ಲಿ ಸುಮಾರು 52 ಕಿಲೋಮೀಟರ್ ದೂರದ ಪರಿಕ್ರಮವನ್ನು ಮೂರು ದಿನಗಳಲ್ಲಿ ಮುಗಿಸಬೇಕು.

ದಿನವೂ ಬೆಳಿಗ್ಗೆ ಫೈವ್ ಗಾರ್ಡನ್ಸ್ ಸುತ್ತ ನಾಲ್ಕು ಸುತ್ತು ನಡೆಯುವವರಿಗೆ ಇದೆಲ್ಲ ಕಷ್ಟವಾಗದೆಂದು ಅನೇಕರು ನಂಬಿದ್ದಾರೆ. ನಡಿಗೆಯಿಂದ ಕಾಲಿಗೂ ಹೃದಯಕ್ಕೂ ಬಲ ಬರುವುದು ನಿಜ. ಆದರೆ ಎತ್ತರದ ಕಾಯಿಲೆ ಗಟ್ಟಿಮುಟ್ಟಾದ ತರುಣನನ್ನೂ ಬಿಡುವುದಿಲ್ಲ. ಅದನ್ನು ತಡೆಯುವ ಮುಖ್ಯ ಉಪಾಯ ನಿಧಾನವಾಗಿ ಏರುವುದೊಂದೇ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚದಂತೆ ನೋಡಿಕೊಳ್ಳಬೇಕು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಮೇಲೇರದೆ ತಂಗಬೇಕು. ಇದು ವೈದ್ಯರೆಲ್ಲ ಒಪ್ಪಿದ ಸೂತ್ರ.

ಭಾರತ ಸರಕಾರ ನಡೆಸುವ ಯಾತ್ರೆಯಲ್ಲಿ ಈ ವಿಷಯಕ್ಕೆ ತಕ್ಕ ಮನ್ನಣೆಯುಂಟು. 1981ರಲ್ಲಿ ಲಿಪುಲೇಖ್ ಕಣಿವೆಯ ಮೂಲಕ ಆರಂಭವಾದ ಆ ಯಾತ್ರೆಗೆ 2015ರಿಂದ ಸಿಕ್ಕಿಮಿನ ನಾಥು ಲಾ ಮಾರ್ಗವೂ ಸೇರಿತು. 2020ರಿಂದ ಐದು ವರ್ಷ ನಿಂತಿದ್ದು 2025ರಲ್ಲಿ ಮರಳಿ ಆರಂಭವಾದಾಗ ಐವತ್ತು ಮಂದಿಯ ಹದಿನೈದು ತಂಡಗಳಿಗೆ ಅವಕಾಶ ನೀಡಲಾಯಿತು. ವಯಸ್ಸು 18ರಿಂದ 70ರೊಳಗಿರಬೇಕು, ಎತ್ತರಕ್ಕೆ ತಕ್ಕ ತೂಕವಿರಬೇಕು ಎಂಬ ನಿಯಮಗಳಿವೆ. ದಿಲ್ಲಿಯಲ್ಲಿ ಕಡ್ಡಾಯ ವೈದ್ಯಕೀಯ ತಪಾಸಣೆಯಾದ ಮೇಲೂ ಲಿಪುಲೇಖ್ ಹಾದಿಯಲ್ಲಿ ಗುಂಜಿಯೆಂಬಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಅಲ್ಲಿ ಅನರ್ಹರೆಂದು ಕಂಡವರನ್ನು ಹಿಂದಕ್ಕೆ ಕಳುಹಿಸುತ್ತಾರೆ. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ವಾಸ್ತವವಾಗಿ ಅದು ಉಪಕಾರ.

ಆದರೆ ಸರಕಾರಿ ಯಾತ್ರೆಗೆ ಚೀಟಿ ಎತ್ತಿ ಆಯ್ಕೆ ಮಾಡುವುದರಿಂದ ಇಪ್ಪತ್ತೈದು ಮೂವತ್ತು ಮಂದಿ ಪರಿಚಿತರು ಕೂಡಿ ಹೋಗುವುದು ಬಹುಮಟ್ಟಿಗೆ ಅಸಾಧ್ಯ. ಆದಕಾರಣ ಸಂಘದ ಗುಂಪುಗಳು ನೇಪಾಳದ ಮೂಲಕ ಕರೆದೊಯ್ಯುವ ಖಾಸಗಿ ಏರ್ಪಾಟನ್ನು ಆಶ್ರಯಿಸುತ್ತವೆ. ಅಲ್ಲಿ ಅಷ್ಟು ಕಟ್ಟುನಿಟ್ಟಿನ ತಪಾಸಣೆಯಿಲ್ಲ. ಪರಿಚಯದ ವೈದ್ಯರು ಬರೆದುಕೊಟ್ಟ ಒಂದು ಹಾಳೆಯಲ್ಲಿ ಕೆಲಸ ಮುಗಿಯುವುದುಂಟು. ಏರಿಕೆಯ ವೇಗವಂತೂ ಅಧಿಕ. ಬಯಲು ಸೀಮೆಯ ನೇಪಾಳಗಂಜಿನಿಂದ ಸಣ್ಣ ವಿಮಾನ ಒಂದು ಗಂಟೆಯೊಳಗಾಗಿ ಸುಮಾರು 2,900 ಮೀಟರ್ ಎತ್ತರದ ಸಿಮಿಕೋಟಿಗೆ ಮುಟ್ಟಿಸುತ್ತದೆ. ಅಲ್ಲಿಂದ ಹೆಲಿಕಾಪ್ಟರು ಗಡಿಯ ಹಿಲ್ಸಾಕ್ಕೆ ಇಳಿಸುತ್ತದೆ. ಕಾಲಿಗೆ ಶ್ರಮವಿಲ್ಲವೆಂದು ಹಿರಿಯರು ಹಿಗ್ಗುತ್ತಾರೆ. ಶ್ವಾಸಕೋಶಕ್ಕೆ ಒದಗುವ ಶ್ರಮ ಅವರಿಗೆ ಕಾಣುವುದಿಲ್ಲ. ದಿನ ಕಡಿಮೆಯಾದಷ್ಟೂ ಯಾತ್ರೆ ಅಗ್ಗ, ಅಗ್ಗವಾದಷ್ಟೂ ಅಪಾಯ ಹೆಚ್ಚು ಎಂಬುದನ್ನು ಮುಂಗಡ ಕೊಡುವ ಮೊದಲೇ ಅರಿತಿರಬೇಕು.

ಇನ್ನೊಂದು ಸಂಗತಿಯಿದೆ. ನೇಪಾಳದ ಮೂಲಕ ಹೋಗುವ ಗುಂಪಿಗೆ ಚೀನಾ ಕೊಡುವುದು ಗುಂಪು ವೀಸಾ. ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿರುತ್ತದೆ. ಒಟ್ಟಿಗೆ ಗಡಿ ದಾಟಬೇಕು, ಒಟ್ಟಿಗೆ ಮರಳಬೇಕು. ನಡುವೆ ಒಬ್ಬರು ಬೇರ್ಪಡಬೇಕಾದರೆ ಅದಕ್ಕೆ ಬೇರೆ ಓಡಾಟ, ಬೇರೆ ಅನುಮತಿ. ಹೀಗಾಗಿ ಒಬ್ಬರ ರಕ್ತದೊತ್ತಡ ಆ ಹಾಳೆಯಲ್ಲಿ ಹೆಸರಿರುವ ಎಲ್ಲರ ಸಮಸ್ಯೆಯಾಗುತ್ತದೆ. ಬೇಡವೆಂದು ಬಿಡುವರೋ ಎಂಬ ಅಂಜಿಕೆಯಿಂದ ಹೃದಯದ ಕಾಯಿಲೆಯನ್ನೋ ಮಧುಮೇಹವನ್ನೋ ಮುಚ್ಚಿಡುವುದು ಇಂತಹ ಗುಂಪುಗಳಲ್ಲಿ ಅಪರೂಪವಲ್ಲ. ಹೆಂಡತಿಗೆ ತಿಳಿದದ್ದು ಗುಂಪಿನ ಮುಖಂಡರಿಗೆ ತಿಳಿದಿರುವುದಿಲ್ಲ. ಕೆಲವೊಮ್ಮೆ ಹೆಂಡತಿಗೂ ತಿಳಿದಿರುವುದಿಲ್ಲ. ಸಹಯಾತ್ರಿಗಳಿಗೆ ಎಸಗುವ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಪ್ರಕೃತಿ ಮುನಿದರೆ ಆಗುವುದೇನೆಂಬುದಕ್ಕೆ ನಿದರ್ಶನಗಳು ದೂರದಲ್ಲಿಲ್ಲ. 1998ರ ಆಗಸ್ಟಿನಲ್ಲಿ ಸರಕಾರಿ ಯಾತ್ರೆಯ ಹಾದಿಯಲ್ಲಿ, ಭಾರತದ ಗಡಿಯೊಳಗಿನ ಮಾಲ್ಪಾದಲ್ಲಿ ಗುಡ್ಡ ಕುಸಿದು ಯಾತ್ರಿಕರ ಬಿಡಾರ ಮಣ್ಣುಪಾಲಾಯಿತು. ಮುಂಬಯಿಯಲ್ಲಿ ಹೆಸರು ಮಾಡಿ, ಬೆಂಗಳೂರಿನ ಹೆಸರಘಟ್ಟದ ಬಳಿ ನೃತ್ಯಗ್ರಾಮವನ್ನು ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಮಡಿದವರಲ್ಲಿ ಒಬ್ಬರು. 2018ರ ಜುಲೈಯಲ್ಲಿ ಮಳೆ ಮೋಡಗಳಿಂದ ವಿಮಾನ ಹೆಲಿಕಾಪ್ಟರುಗಳು ನಿಂತು, ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟಿನ ಕಡೆಯಲ್ಲಿ ಸಾವಿರದೈನೂರಕ್ಕೂ ಮಿಕ್ಕಿದ ಭಾರತೀಯ ಯಾತ್ರಿಕರು ಸಿಕ್ಕಿಬಿದ್ದರು. ಅವರಲ್ಲಿ ಕರ್ನಾಟಕದವರೇ ಇನ್ನೂರಕ್ಕೂ ಹೆಚ್ಚು. ಮನೆಯವರ ಕಳವಳವನ್ನು ಕಂಡು ಭಾರತೀಯ ರಾಯಭಾರ ಕಚೇರಿ ಕನ್ನಡದಲ್ಲಿಯೂ ಮಾತನಾಡುವ ದೂರವಾಣಿ ವ್ಯವಸ್ಥೆ ಮಾಡಬೇಕಾಯಿತು. 2025ರ ಜುಲೈ 8ರಂದು ಮತ್ತೊಂದು ಮಾರ್ಗವಾದ ರಸುವಾಗಢಿಯಲ್ಲಿ ನೇಪಾಳ-ಚೀನಾ ಮೈತ್ರಿ ಸೇತುವೆಯೇ ನೆರೆಯಲ್ಲಿ ಕೊಚ್ಚಿಹೋಯಿತು.

ಮಳೆಯನ್ನು ತಡೆಯುವವರು ಯಾರೂ ಇಲ್ಲ. ಆದರೆ ಹತ್ತು ದಿನಗಳ ಯಾತ್ರೆಗೆ ಹತ್ತೇ ದಿನಗಳ ಗುಳಿಗೆ ಕೊಂಡೊಯ್ದವನಿಗೆ ಹನ್ನೊಂದನೆಯ ದಿನ ಏನು ಗತಿ? ಸಿಮಿಕೋಟಿನಂತಹ ಕುಗ್ರಾಮದಲ್ಲಿ ಮಾಟುಂಗದಂತೆ ಬೀದಿಗೊಂದು ಔಷಧಿ ಅಂಗಡಿಯಿಲ್ಲ. ಕನಿಷ್ಠ ಒಂದು ವಾರದ ಹೆಚ್ಚಿನ ಔಷಧಿ, ಹಿಂತಿರುಗುವ ವಿಮಾನಕ್ಕೆ ಮೊದಲು ಎರಡು ಮೂರು ಬಿಡುವಿನ ದಿನಗಳು, ಕೈಯಲ್ಲಿ ಸ್ವಲ್ಪ ಹೆಚ್ಚಿನ ಹಣ ಇವು ಯೋಜನೆಯಲ್ಲಿಯೇ ಸೇರಿರಬೇಕು.

ಗುಂಪಿನ ಪ್ರತಿಯೊಬ್ಬರೂ ಅರಿತಿರಬೇಕಾದ ಲಕ್ಷಣಗಳು ಕೆಲವಿವೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು, ವಿಪರೀತ ಆಯಾಸ ಇವು ಎತ್ತರದ ಕಾಯಿಲೆಯ ಮೊದಲ ಗುರುತುಗಳು. ಪ್ರಯಾಣದ ದಣಿವೆಂದೋ ಪಿತ್ತವೆಂದೋ ಇವನ್ನು ತಳ್ಳಿಹಾಕಬಾರದು. ಈ ಗುರುತುಗಳಿರುವಾಗ ಮೇಲೇರಕೂಡದು. ಕುಳಿತಲ್ಲಿಯೇ ಏದುಸಿರು ಬಂದರೆ, ಕೆಮ್ಮಿನೊಡನೆ ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ನೇರವಾಗಿ ನಡೆಯಲಾಗದಿದ್ದರೆ ಮಿದುಳು ಬಾತುಕೊಳ್ಳುತ್ತಿರಬಹುದು. ಇವೆರಡೂ ಪ್ರಾಣಾಂತಿಕ. ಆಗ ಬೆಳಗಾಗಲೆಂದು ಕಾಯದೆ, ಪ್ರಾಣವಾಯು ಕೊಡುತ್ತಲೇ ರೋಗಿಯನ್ನು ಕೆಳಗಿಳಿಸಬೇಕು. ಅವರನ್ನು ಕ್ಷಣಕಾಲವೂ ಒಂಟಿಯಾಗಿ ಬಿಡಬಾರದು.

ಎತ್ತರದ ಕಾಯಿಲೆಯನ್ನು ತಡೆಯಲು ಅಸೆಟಜೋಲಮೈಡ್ ಎಂಬ ಗುಳಿಗೆಯನ್ನು ವೈದ್ಯರು ಸೂಚಿಸುವುದುಂಟು. ಸಲ್ಫಾ ಔಷಧಿ ಒಗ್ಗದವರಿಗೆ, ಮೂತ್ರಪಿಂಡದ ತೊಂದರೆಯುಳ್ಳವರಿಗೆ ಅದು ಅಪಾಯ ತಂದೀತು. ಒಬ್ಬರಿಗೆ ಬರೆದುಕೊಟ್ಟದ್ದನ್ನು ಪ್ರಸಾದದಂತೆ ಎಲ್ಲರೂ ಹಂಚಿಕೊಳ್ಳುವುದು ಸಲ್ಲದು. ಮಧುಮೇಹಿಗಳು ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ತಾಗಿಸಿಟ್ಟುಕೊಳ್ಳಬೇಕು; ಸಕ್ಕರೆ ಅಳೆಯುವ ಯಂತ್ರ ಚಳಿಯಲ್ಲಿ ತಪ್ಪು ತೋರಿಸಬಹುದೆಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಯೋಚಿಸಿದರೆ ಯಾತ್ರೆಯೇ ನಡೆಯದು, ಹಿಂದಿನವರು ಯಾವ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗಿದ್ದರು ಎಂದು ಕೇಳುವವರಿದ್ದಾರೆ. ಹಿಂದಿನವರು ತಿಂಗಳುಗಟ್ಟಲೆ ನಡೆದು ಹೋಗುತ್ತಿದ್ದರು. ಆ ನಡಿಗೆಯಲ್ಲಿಯೇ ಅವರ ದೇಹ ಎತ್ತರಕ್ಕೆ ಹೊಂದಿಕೊಳ್ಳುತ್ತಿತ್ತು. ಕೈಲಾಸದಲ್ಲಿ ಪ್ರಾಣ ಹೋದರೆ ಪುಣ್ಯವಲ್ಲವೇ ಎಂಬ ಮಾತೂ ಕೇಳಿಬರುತ್ತದೆ. ಹೇಳುವವರ ಭಕ್ತಿ ದೊಡ್ಡದಿರಬಹುದು. ಆದರೆ ಪರದೇಶದಲ್ಲಿ ಪ್ರಾಣ ಹೋದ ಮೇಲೆ ಕಾಗದಪತ್ರಗಳಿಗಾಗಿ ಅಲೆಯುವವರು, ಇಲ್ಲಿ ದೂರವಾಣಿಯ ಮುಂದೆ ಕುಳಿತು ರಾತ್ರಿ ಕಳೆಯುವ ಮಕ್ಕಳು ಆ ಪುಣ್ಯದಲ್ಲಿ ಪಾಲು ಕೇಳಿದವರಲ್ಲ.

ಆದುದರಿಂದ ಯಾತ್ರೆಯನ್ನು ಏರ್ಪಡಿಸುವ ಸಂಘಗಳ ಸಮಿತಿಗಳು ಕೆಲವು ಕಟ್ಟಳೆಗಳನ್ನು ಮಾಡಿಕೊಳ್ಳುವುದು ಒಳ್ಳೆಯದು. ಹೊರಡುವುದಕ್ಕೆ ನಾಲ್ಕು ತಿಂಗಳ ಮೊದಲೇ ಪ್ರತಿಯೊಬ್ಬರ ತಪಾಸಣೆಯಾಗಬೇಕು. ಸಂಘದ ಸದಸ್ಯರಾಗಿರುವ ವೈದ್ಯರೇ ಆ ವರದಿಗಳನ್ನು ಗುಟ್ಟಾಗಿ ಪರಿಶೀಲಿಸಲಿ. ಅವರು ಬೇಡವೆಂದರೆ ಅಧ್ಯಕ್ಷರ ಶಿಫಾರಸಿಗೂ ಬೆಲೆಯಿರಕೂಡದು. ಹಾಗೆ ಹಿಂದುಳಿದವರ ಮುಂಗಡವನ್ನು ಆದಷ್ಟು ಮಟ್ಟಿಗೆ ಮರಳಿಸುವ ಏರ್ಪಾಟಿರಲಿ. ಹಣ ಮುಳುಗುವ ಭಯವಿಲ್ಲದಿದ್ದರೆ ಕಾಯಿಲೆ ಮುಚ್ಚಿಡುವವರೂ ಕಡಿಮೆಯಾಗುತ್ತಾರೆ. ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನು ಬರೆಯಿಸಬೇಕು. ಎಷ್ಟು ಎತ್ತರದವರೆಗೆ ಅದು ಅನ್ವಯಿಸುತ್ತದೆ, ಹೆಲಿಕಾಪ್ಟರಿನಲ್ಲಿ ರೋಗಿಯನ್ನು ಸಾಗಿಸುವ ವೆಚ್ಚ ಸೇರಿದೆಯೇ ಎಂದು ಓದಿ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾರಾದರೂ ಹಿಂದಿರುಗಬೇಕಾಗಿ ಬಂದರೆ ಅವರೊಡನೆ ಹಿಂದಿರುಗುವವರು ಯಾರೆಂಬುದನ್ನು ಮಾಟುಂಗದಲ್ಲಿ ಕುಳಿತೇ ನಿಶ್ಚಯಿಸಬೇಕು. ಕೈಲಾಸ ಶಿಖರ ಕಣ್ಣೆದುರಿಗಿರುವಾಗ ಆ ಪ್ರಶ್ನೆ ಎತ್ತಿದರೆ ಸ್ನೇಹಿತರ ನಡುವೆಯೂ ಮುಖ ತಿರುಗಿಸುವವರಿರುತ್ತಾರೆ.

ಹೋಗಲಾಗದವರನ್ನು ಬಿಟ್ಟುಬಿಡಬೇಕೆಂದು ಇದರರ್ಥವಲ್ಲ. ಮಾನಸ ಸರೋವರದ ದಡದವರೆಗೆ ವಾಹನ ಹೋಗುತ್ತದೆ. ಅಲ್ಲಿ ನಿಂತು, ದೂರದಿಂದ ಕೈಲಾಸಕ್ಕೆ ಕೈಮುಗಿದು, ಪರಿಕ್ರಮವನ್ನು ಕೈಬಿಟ್ಟವರ ಯಾತ್ರೆಯೂ ಯಾತ್ರೆಯೇ. ಆ ಎತ್ತರವೂ ಬೇಡವೆಂದು ವೈದ್ಯರು ಹೇಳಿದವರಿಗೆ ಕಠ್ಮಂಡುವಿನ ಪಶುಪತಿನಾಥ, ಪೋಖರಾದ ಸರೋವರ, ಬುದ್ಧ ಹುಟ್ಟಿದ ಲುಂಬಿನಿ ಇವೆ, ಅದೂ ಪರದೇಶವೇ. ಒಂದೇ ಗುಂಪು ಕಠ್ಮಂಡುವಿನವರೆಗೆ ಕೂಡಿ ಹೋಗಿ, ಮುಂದೆ ಎರಡು ದಾರಿ ಹಿಡಿದು, ಮರಳುವಾಗ ಮತ್ತೆ ಕೂಡಿಕೊಳ್ಳುವಂತೆ ಯೋಜಿಸುವುದು ಕಷ್ಟವೇನಲ್ಲ. ವೀಸಾ ಕೇಳುವ ಮೊದಲೇ ಹೀಗೆ ವಿಂಗಡಿಸಿಕೊಂಡರೆ ಆ ಒಂದು ಹಾಳೆಯ ತೊಡಕೂ ಇರುವುದಿಲ್ಲ.

ಊರು ಬಿಟ್ಟು ಬಂದವರನ್ನು ಈ ಮಹಾನಗರದಲ್ಲಿ ಉಳಿಸಿದ್ದು ಒಬ್ಬರಿಗೊಬ್ಬರು ಆಗುವ ಗುಣ. ಕೋಣೆ ಹಂಚಿಕೊಂಡರು, ಊಟ ಹಂಚಿಕೊಂಡರು, ಕೆಲಸ ಕೊಡಿಸಿದರು. ಅದೇ ಗುಣ ಯಾತ್ರೆಯಲ್ಲಿಯೂ ನಿಲ್ಲಬೇಕಾದರೆ ಮುಂಬಯಿಯಿಂದ ಹೊರಟ ಇಪ್ಪತ್ತೈದು ಮಂದಿಯೂ ಕ್ಷೇಮವಾಗಿ ಮನೆಗೆ ಮರಳಬೇಕು. ಎಷ್ಟು ಮಂದಿ ಪರಿಕ್ರಮ ಮುಗಿಸಿದರೆಂಬ ಲೆಕ್ಕವನ್ನು ಅನಂತರ ನೋಡಿಕೊಳ್ಳಬಹುದು.