ಉಚಿತ ಪರೀಕ್ಷೆಯ ಬೆಲೆ



ಎಚ್‌ಐವಿ ಪರೀಕ್ಷೆಯ ಕುರಿತು ನಮ್ಮ ಮನೆಗಳಲ್ಲಿ ಮಾತನಾಡುವ ರೂಢಿಯಿಲ್ಲ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಸರಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ. ಹಾಗಿದ್ದೂ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಯವರಿಗೆ ಅದು ಅಗ್ಗವಲ್ಲ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆಯ ಕ್ರಮ ಸರಳ. ಬೆರಳ ತುದಿಯ ಹನಿ ರಕ್ತದಿಂದ ಅರ್ಧ ಗಂಟೆಯೊಳಗೆ ಫಲಿತಾಂಶ ತಿಳಿಯುತ್ತದೆ. ಸಾಮಾನ್ಯವಾಗಿ ಈ ಕಿಟ್ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು ಕೆಲವು ವಾರಗಳು, ಒಮ್ಮೊಮ್ಮೆ 3 ತಿಂಗಳು ಬೇಕು. ಮೊದಲ ಕಿಟ್ ಪ್ರತಿಕ್ರಿಯೆ ತೋರಿದ ಮಾತ್ರಕ್ಕೆ ಸೋಂಕು ಖಚಿತವಲ್ಲ. ಬೇರೆ ಬಗೆಯ ಇನ್ನೂ 2 ಕಿಟ್‌ಗಳು ಅದನ್ನೇ ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆಯುವುದು ಮೊದಲ ತಪಾಸಣೆಯಷ್ಟೆ. ಖಚಿತಪಡಿಸಿಕೊಳ್ಳಲು ದೊಡ್ಡ ಆಸ್ಪತ್ರೆಯ ಐಸಿಟಿಸಿಗೆ, ಬಳಿಕ ಔಷಧಕ್ಕಾಗಿ ಹುಬ್ಬಳ್ಳಿಯಂಥ ಊರಿನ ಎಆರ್‌ಟಿ ಕೇಂದ್ರಕ್ಕೆ ಹೋಗಬೇಕು. ಹೆಸರು ಬಿಡಿಸುವ, ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ ಪ್ರತಿಯೊಂದು ಓಡಾಟವೂ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು.

ಅದಕ್ಕಿಂತ ದೊಡ್ಡ ಖರ್ಚು ಬೇರೆಯದು. ಗೋವೆಯಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ (ಯಾರೆಂದು ಊಹಿಸಲು ಹೋಗಬೇಡಿ, ನಾಲ್ಕಾರು ವಿವರಗಳನ್ನು ಬೇಕೆಂದೇ ಬಿಟ್ಟಿದ್ದೇನೆ) ತನ್ನ ತಾಲ್ಲೂಕಿನ ಆಸ್ಪತ್ರೆ ಬಿಟ್ಟು ಪಕ್ಕದ ಜಿಲ್ಲೆಗೆ ಹೋಗಿ ರಕ್ತ ಕೊಟ್ಟು ಬಂದಿದ್ದ. “ಸರ್, ಸೂಜಿಗೆ ಹೆದರಲಿಲ್ಲರಿ. ಆ ಬಾಗಲದಾಗ ನಿಂತಿದ್ದು ಯಾರರೆ ನಮ್ಮೂರವ್ರು ನೋಡ್ಯಾರು ಅಂತ ಹೆದರಿದ್ದೆ” ಎಂದ. ಬಸ್ ನಿಲ್ದಾಣದಲ್ಲಿ “ಎಲ್ಲಿಗೆ ಹೊಂಟೀರಿ?” ಎಂದು ಕೇಳದೆ ಬಿಡದ ಸೀಮೆ ನಮ್ಮದು.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಪರೀಕ್ಷೆಗೆ ತಿಳಿವಳಿಕೆಯ ಒಪ್ಪಿಗೆ ಬೇಕು, ಗೋಪ್ಯತೆ ಕಾಯಬೇಕು ಎಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ಬಾಗಿಲ ಮೇಲಿನ ದೊಡ್ಡ ಅಕ್ಷರದ ಫಲಕವೇ ಗುಟ್ಟು ಹೇಳುವಾಗ ಒಳಗಿನ ಗೋಪ್ಯತೆಯಿಂದೇನು ಫಲ?

ಮದುವೆಗೆ ಮುನ್ನ ಪರೀಕ್ಷೆ ಕಡ್ಡಾಯವಾಗಲಿ ಎನ್ನುವ ಹಿರಿಯರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರತಿಕಾಯ ಮೂಡುವ ಮೊದಲು ಪಡೆದ ಪ್ರಮಾಣಪತ್ರ ಹುಸಿ ಧೈರ್ಯ ಕೊಡುತ್ತದೆ. ಬಲವಂತ ಜನರನ್ನು ಇನ್ನಷ್ಟು ದೂರ ಓಡಿಸುತ್ತದೆ.

ನಮಗಿಂತ ಬಡ ರಾಷ್ಟ್ರಗಳು ಬೇರೆ ದಾರಿ ಹಿಡಿದವು. ಆಫ್ರಿಕದ ಮಲಾವಿ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ 2015ರಿಂದ ಸ್ವಯಂ ಪರೀಕ್ಷೆಯ ಕಿಟ್‌ಗಳನ್ನು ಜನರ ಬಳಿಗೇ ಒಯ್ಯಲಾಯಿತು. ಒಸಡನ್ನು ಒರೆಸಿ, ಮನೆಯಲ್ಲಿಯೇ, ಕದ ಮುಚ್ಚಿಕೊಂಡು ನೋಡಿಕೊಳ್ಳಬಹುದು. ಪ್ರತಿಕ್ರಿಯೆ ಕಂಡರೆ ಮಾತ್ರ ಖಚಿತತೆಗಾಗಿ ಆಸ್ಪತ್ರೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ವಿಧಾನವನ್ನು ಶಿಫಾರಸು ಮಾಡಿತು. 2017ರಲ್ಲಿ ದಾನಿಗಳ ನೆರವಿನಿಂದ ಒಂದು ಕಿಟ್‌ನ ಬೆಲೆ 50 ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ 2 ಡಾಲರಿಗೆ ಇಳಿಯಿತು.

ನಮ್ಮಲ್ಲಿ ಗರ್ಭಿಣಿಯರಿಗೆ ಈ ಪರೀಕ್ಷೆ ನಡೆಯುತ್ತದೆ. ಅವರ ಗಂಡಂದಿರಲ್ಲಿ ಅನೇಕರು ಉಳಿದುಬಿಡುತ್ತಾರೆ. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಮರಳುವ ಗಂಡಸರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ನೋಡುವ ಮೇಜಿನಲ್ಲಿಯೇ, ಬೇರೆ ಫಲಕವಿಲ್ಲದೆ, ಒಪ್ಪಿದವರಿಗೆ ಇದನ್ನೂ ಮಾಡಬಹುದಲ್ಲ! ನಿಮ್ಮಲ್ಲಿ ಕೆಲವರು ಇಂದು ವೈದ್ಯರು, ಪ್ರಯೋಗಾಲಯದ ತಂತ್ರಜ್ಞರು, ಪಂಚಾಯಿತಿ ಸದಸ್ಯರು. ಮುಂದಿನ ಆರೋಗ್ಯ ಶಿಬಿರದ ಸಭೆಯಲ್ಲಿ ಈ ಮಾತನ್ನು ಎತ್ತಿರಿ. ಉಳಿದವರು 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ; ಕರೆ ಮಾಡಲು ಹೆಸರು ಹೇಳಬೇಕಿಲ್ಲ.