ಬಚ್ಚಲ ಬಿಸಿನೀರಿನ ಲೆಕ್ಕ

ಸೋದರಿಯರೇ, ನಮ್ಮ ಬಿಸಿಲುನಾಡಿನಲ್ಲಿ ಚಳಿಗಾಲಕ್ಕೆ ಮನೆ ಕಾಯಿಸುವ ಖರ್ಚಿಲ್ಲ. ಖರ್ಚೆಲ್ಲ ಬಚ್ಚಲದ್ದೇ. ಕಳೆದ ಸಂಕ್ರಾಂತಿಗೆ ಮಸ್ಕಿಯ ತವರಿನಲ್ಲಿ ಕೂಡಿದಾಗ ಲಿಂಗಸುಗೂರಿನ ಅಕ್ಕ ಕರೆಂಟ್ ಬಿಲ್ಲಿನ ಚೀಟಿ ಮುಂದಿಟ್ಟಳು. "ಪುಕ್ಕಟೆ ಅಂತಾರ, ನನಗ್ಯಾಕ ಪೂರಾ ಬಿಲ್ಲು ಬಂದದವ್ವಾ?" ನೋಡಿದರೆ 205 ಯೂನಿಟ್!

2023ರಲ್ಲಿ ಬಂದ ಗೃಹಜ್ಯೋತಿಯ ಕಟ್ಟಳೆ ನಿಮಗೆ ಗೊತ್ತಿರಲಿ. ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಹೆಚ್ಚಿನದ್ದಕ್ಕಷ್ಟೇ ಹಣ. 200 ದಾಟಿತೋ, ಇಡೀ ಬಿಲ್ಲು ನಿಮ್ಮ ತಲೆಗೆ. ಬರೀ ಐದು ಯೂನಿಟ್ಟಿಗೆ ಅಕ್ಕನಿಗೆ ಈ ಪಜೀತಿ.

ಕಳ್ಳ ಸಿಕ್ಕಿದ್ದು ಬಚ್ಚಲಲ್ಲೇ. 1500 ವಾಟಿನ ಕಾಯಿಲನ್ನು ಒಂದು ಬಕೆಟ್ಟಿಗೆ 20 ನಿಮಿಷ ಇಟ್ಟರೆ ಅರ್ಧ ಯೂನಿಟ್. ಐದು ಜನಕ್ಕೆ ದಿನಕ್ಕೆ ಎರಡೂವರೆ, ತಿಂಗಳಿಗೆ 75! (ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ರಿ, ಮರೀಬ್ಯಾಡ್ರಿ.) ಗ್ಯಾಸಿನ ಮೇಲೆ ಕಾಯಿಸಿದರೂ ಅಷ್ಟು ನೀರಿಗೆ ತಿಂಗಳಿಗೆ ಮುಕ್ಕಾಲು ಸಿಲಿಂಡರು ಹೋದೀತು.

ಅವ್ವನದು ಹಂಡೆ. ಉರುವಲು ಹೊಲದ ಹತ್ತಿಕಟಗಿ, ತೊಗರಿಕಟಗಿ. ದುಡ್ಡಿನ ಲೆಕ್ಕದಲ್ಲಿ ಅವಳೇ ಗೆದ್ದಳು. ಆದರೆ ನಸುಕಿನಲ್ಲೇ ಎದ್ದು ಹೊಗೆ ಕುಡಿಯುವವಳೂ ಅವಳೇ. ಆ ಕೆಮ್ಮನ್ನು ಯಾವ ಚೀಟಿಯಲ್ಲಿ ಬರೆಯೋಣ?

ಸಿಂಧನೂರಿನಲ್ಲಿ ನಾನು ಮಾಡುವುದು ಇಷ್ಟೇ: ಹೊರಗೆ ಕಪ್ಪು ಬಳಿದ ಕೊಡಗಳನ್ನು ತುಂಬಿ, ಮುಚ್ಚಿ, ಬೆಳಿಗ್ಗೆಯೇ ಮಾಳಿಗೆಯ ಬಿಸಿಲಿಗೆ ಇಡುತ್ತೇನೆ. ಸಂಜೆ ನಾಲ್ಕಕ್ಕೆ ಮಕ್ಕಳಿಬ್ಬರ ಸ್ನಾನ ಮುಗಿಯುತ್ತದೆ. ದಿನಕ್ಕೊಂದು ಯೂನಿಟ್ ಉಳಿತಾಯ. ಮೊದಮೊದಲು ಅತ್ತೆಯವರು, "ಸಂಜಿ ಜಳಕ ಏನ್ ಚೆಂದ?" ಎಂದಿದ್ದರು. ಈಗ ತಮಗೂ ಒಂದು ಕೊಡ ಇಡಿಸುತ್ತಾರೆ.

ಅಕ್ಕನೂ ಹಾಗೇ ಮಾಡಿದಳು. ಮುಂದಿನ ಚೀಟಿ ಬಂದದ್ದು 176ಕ್ಕೆ.