ಗಾಳಿಗೂ ಬಾಡಿಗೆ



ಕಳೆದ ಚಳಿಗಾಲದಲ್ಲಿ ನಮ್ಮ ಲೈನಿನ ತಾಯಿಯೊಬ್ಬರು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳಿಗೆ ಒಂದು ರಜಾಯಿ, ಎರಡು ದಿಂಬು ಕಳುಹಿಸಲು ಹೊರಟರು. ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ಬೇಡಿ ತಂದು ತುಂಬಿದರು. ತೂಗಿದರೆ 4 ಕೆ.ಜಿ. ಪೇಟೆಯ ಕೊರಿಯರಿನವರು ಹಣ ಕೇಳಿದ್ದು 19.5 ಕೆ.ಜಿ.ಗೆ! "ಓದು ಬಾರದವಳೆಂದು ಮೋಸ ಮಾಡುತ್ತಾರೆ" ಎಂದು ಆಕೆ ಪೆಟ್ಟಿಗೆ ಹೊತ್ತು ಹಿಂದಿರುಗಿದರು. ಅಂದಿನ ಕೂಲಿಯೂ ಹೋಯಿತು.

ನಾವು ವಿಚಾರಿಸಿ ನೋಡಿದೆವು. ಲೆಕ್ಕ ಸುಳ್ಳಲ್ಲ. ಆದರೆ ಆ ಲೆಕ್ಕವನ್ನು ಆಕೆಗೆ ಯಾರೂ ತಿಳಿಸಲಿಲ್ಲ. ತಪ್ಪಿರುವುದು ಅಲ್ಲಿ.

ಪಾರ್ಸೆಲ್ಲಿಗೆ ಎರಡು ತೂಕವುಂಟು. ಒಂದು ತಕ್ಕಡಿಯದು, ಇನ್ನೊಂದು ಅಳತೆ ಟೇಪಿನದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 5000ದಿಂದ ಭಾಗಿಸುತ್ತಾರೆ. ಕೆಲವರು, ಮುಖ್ಯವಾಗಿ ವಿಮಾನ ಸರಕಿನವರು, 6000ದಿಂದ ಭಾಗಿಸುವುದುಂಟು. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಆ ತಾಯಿಯ ಪೆಟ್ಟಿಗೆ 60, 40, 40. ಗುಣಿಸಿದರೆ 96,000. ಭಾಗಿಸಿದರೆ 19.2, ಅದನ್ನು ಅರ್ಧ ಕಿಲೋಗೆ ಏರಿಸಿ 19.5. ಅಂದರೆ 5 ಲೀಟರ್ ನೀರು ಹಿಡಿಸುವಷ್ಟು ಜಾಗಕ್ಕೆ, ಒಳಗೆ ಹತ್ತಿಯಿರಲಿ ಗಾಳಿಯಿರಲಿ, 1 ಕೆ.ಜಿ. ಬಾಡಿಗೆ.

ಇದಕ್ಕೆ ಕಾರಣವೂ ಇದೆ. ದಿಂಬು ತುಂಬಿದ ಲಾರಿ ಭಾರವಾಗುವ ಮೊದಲೇ ಭರ್ತಿಯಾಗುತ್ತದೆ. ಡೀಸೆಲ್ ಬೇಕು, ಚಾಲಕನಿಗೆ ಕೂಲಿ ಬೇಕು; ಅವನೂ ನಮ್ಮಂತೆ ದುಡಿಯುವವನೇ. ಹಡಗಿನ ಸರಕಿನಲ್ಲಿಯೂ 1 ಘನ ಮೀಟರ್ ಜಾಗವನ್ನು 1 ಟನ್ನಿಗೆ ಸಮ ಎಂದು ಎಣಿಸುವ ಪದ್ಧತಿಯಿದೆ. ಅಮೆರಿಕದಲ್ಲಿ ಫೆಡೆಕ್ಸ್, ಯು.ಪಿ.ಎಸ್. ಕಂಪನಿಗಳು ನೆಲದ ಮೇಲೆ ಸಾಗುವ ಚಿಕ್ಕ ಪೆಟ್ಟಿಗೆಗಳಿಗೂ ಈ ಲೆಕ್ಕ ಹಚ್ಚಿದ್ದು 2014ರ ಕೊನೆ, 2015ರ ಆರಂಭದ ಹೊತ್ತಿಗೆ.

ನಿಯಮವಿರಲಿ, ಅದು ಗುಟ್ಟಾಗಿರಬಾರದು. ಎಲೆ ತೂಗುವಲ್ಲಿ ಮುಳ್ಳನ್ನು ಕಣ್ಣಾರೆ ನೋಡಿಯೇ ಒಪ್ಪಬೇಕೆಂದು ನಾವು ಕಲಿತಿದ್ದೇವೆ. ಟೇಪಿಗೂ ಅದೇ ಮಾತು. "ನನ್ನೆದುರು ಅಳೆಯಿರಿ. ಎಷ್ಟರಿಂದ ಭಾಗಿಸುತ್ತೀರಿ? ಚೀಟಿಯಲ್ಲಿ ಬರೆಯಿರಿ" ಎಂದು ಕೇಳಲು ನಾಚಿಕೆ ಬೇಡ. ದರದ ಪಟ್ಟಿಯ ಪಕ್ಕದಲ್ಲಿ ಈ ಲೆಕ್ಕವನ್ನೂ ಕನ್ನಡದಲ್ಲಿ, ತಮಿಳಿನಲ್ಲಿ ಬರೆದು ಹಾಕಬೇಕೆಂದು ನಾವೆಲ್ಲರೂ ಸೇರಿ ಕೇಳೋಣ.

ನಮ್ಮ ಕೈಯಲ್ಲಿರುವುದನ್ನೂ ಮಾಡೋಣ. ದೊಡ್ಡ ಪೆಟ್ಟಿಗೆ ಬೇಡ. ರಜಾಯಿಯನ್ನು ಬಿಗಿಯಾಗಿ ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಗ್ಗ ಬಿಗಿದು ಬಟ್ಟೆಯಲ್ಲಿ ಹೊಲಿಯಿರಿ. ಬಿಡಿ ಹತ್ತಿಯನ್ನು ಒತ್ತಿ ಬೇಲು ಕಟ್ಟುವುದೂ ಇದಕ್ಕಾಗಿಯೇ. ದಿಂಬನ್ನು ಮಗಳು ಅಲ್ಲಿಯೇ ಕೊಳ್ಳಲಿ. ಕಾಗದದ ನಕ್ಷತ್ರವನ್ನು ಮಡಚಿಯೇ ಕಳುಹಿಸಿ. ಮನೆ ಬಿಡುವ ಮುನ್ನ ಮಕ್ಕಳ ಶಾಲೆಯ ಸ್ಕೇಲಿನಿಂದ ಅಳೆದು ಲೆಕ್ಕ ಹಾಕಿರಿ.

ಆ ತಾಯಿ ಮರುವಾರ ರಜಾಯಿಯೊಂದನ್ನೇ ಹಾಗೆ ಕಟ್ಟಿ ಒಯ್ದರು. ಅಳತೆ 50, 40, 15. ಲೆಕ್ಕ 6 ಕೆ.ಜಿ. ಲೆಕ್ಕ ಹಾಕಿಕೊಟ್ಟವಳು ಏಳನೇ ತರಗತಿಯ ಕಿರಿಮಗಳು. ತಾಯಿ ಚೀಟಿಯನ್ನು ಕೈಯಲ್ಲಿ ಹಿಡಿದು, ಟೇಪು ನೋಡಿ, ಹಣ ಎಣಿಸಿಕೊಟ್ಟರು. ಈ ಸಲ ಅಳಲಿಲ್ಲ.